ಹಳೆಯ ವ್ಯಾನು: ಯಾವ ಕೆಲಸ ನಮ್ಮದು, ಯಾವುದು ಮೆಕ್ಯಾನಿಕ್ಕಿನದು?

ಭಾನುವಾರ ಬೆಳಿಗ್ಗೆ ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ನಡೆದುಹೋದರೆ ಈ ನೋಟ ನಿಮ್ಮ ಕಣ್ಣಿಗೆ ಬಿದ್ದೀತು. ಲೇತ್ ಯಂತ್ರಗಳು ಸುಮ್ಮನಿವೆ. ಶೆಡ್ಡಿನ ಷಟರು ಅರ್ಧ ಇಳಿದಿದೆ. ಅದರ ಮುಂದೆ ಬಿಳಿಯ ಓಮ್ನಿ ವ್ಯಾನೊಂದು ನಿಂತಿದೆ. ಮುಂದಿನ ಸೀಟನ್ನು ಎತ್ತಿ, ಮಾಲೀಕರೇ ಒಳಗೆ ಬಗ್ಗಿ ಏನನ್ನೋ ಬಿಗಿಮಾಡುತ್ತಿದ್ದಾರೆ. ಪಕ್ಕದಲ್ಲಿ ಮಗ ಟಾರ್ಚು ಹಿಡಿದಿದ್ದಾನೆ. ವಾರವೆಲ್ಲ ಅಂಗಡಿಯ ಸಾಮಾನು ಹೊತ್ತ ಈ ಗಾಡಿ ಎರಡನೇ ಶನಿವಾರ ಧರ್ಮಸ್ಥಳಕ್ಕೋ ಹೊರನಾಡಿಗೋ ಹೊರಡಬೇಕು. ಹಿಂದಿನ ಸೀಟು ಮಡಚಿದರೆ ಮಕ್ಕಳಿಬ್ಬರು ಮಲಗಲು ಜಾಗವಾಗುತ್ತದೆ. ಜಮಖಾನೆ, ನೀರಿನ ಕ್ಯಾನು, ಸಣ್ಣ ಸ್ಟವ್, ಪುಳಿಯೋಗರೆಯ ಡಬ್ಬಿ ಇಟ್ಟರೆ ಮನೆಯೇ ಗಾಡಿಯಲ್ಲಿದ್ದ ಹಾಗೆ.

ಹಾಸಿಗೆ, ಅಡಿಗೆಯ ಕಟ್ಟೆ ಎಲ್ಲವನ್ನೂ ಅಳವಡಿಸಿದ ಪ್ರವಾಸಿ ಗಾಡಿಗೆ ವಿದೇಶಗಳಲ್ಲಿ ಕ್ಯಾಂಪರ್‌ವ್ಯಾನ್ ಎನ್ನುತ್ತಾರೆ. ನಮ್ಮಲ್ಲಿ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ದುಡಿಯುವ ಅನೇಕ ಕುಟುಂಬಗಳಿಗೆ ಆ ಭಾಗ್ಯವನ್ನು ಒದಗಿಸಿದ್ದು ಹಳೆಯ ಮೆಟಡೋರ್ ಮತ್ತು ಓಮ್ನಿಗಳೇ. ಹೊಸ ಗಾಡಿ ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಇರುವುದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಸಾಧ್ಯ. ಆದರೆ ಹಳೆಯ ಗಾಡಿಗೆ ನಾವೇ ಕೈ ಹಾಕುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು. ಯಾವ ಕೆಲಸ ನಮ್ಮ ಕೈಯದು? ಯಾವುದು ಪಳಗಿದ ಮೆಕ್ಯಾನಿಕ್ಕಿನದು? ತೆರೆಯ ಮೇಲಿನ ಮಾತುಕತೆಯಲ್ಲಿ ಗಡಿಯಾರ ನೋಡಿ ಮಾತು ಮುಗಿಸಬೇಕಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ವಿಚಾರ ಮಾಡೋಣ.

ಗಾಡಿಯ ಪರಿಚಯ

ಮಾರುತಿ ವ್ಯಾನು ರಸ್ತೆಗೆ ಬಂದದ್ದು 1984ರಲ್ಲಿ. ಅನಂತರ ಅದಕ್ಕೆ ಓಮ್ನಿ ಎಂಬ ಹೆಸರು ಬಂತು. 2019ರಲ್ಲಿ, ಸುರಕ್ಷತೆಯ ಹೊಸ ನಿಯಮಗಳು ಜಾರಿಗೆ ಬರುವ ಹೊತ್ತಿಗೆ, ಅದರ ತಯಾರಿಕೆ ನಿಂತಿತು. ಸುಮಾರು 35 ವರ್ಷ ಹೆಚ್ಚು ಬದಲಾಗದೆ ತಯಾರಾದ ಗಾಡಿಯಾದ್ದರಿಂದ ಕಾಳಸಿಪಾಳ್ಯದಲ್ಲಿ, ಜೆ.ಸಿ. ರಸ್ತೆಯಲ್ಲಿ ಇದರ ಬಿಡಿಭಾಗ ಹುಡುಕುವುದು ಕಷ್ಟವಲ್ಲ.

ಇದರ ಎಂಜಿನ್ 796 ಸಿ.ಸಿ.ಯದು, ಮೂರು ಸಿಲಿಂಡರಿನದು. ಅದು ಇರುವುದು ಮೂತಿಯಲ್ಲಲ್ಲ, ಮುಂದಿನ ಸೀಟುಗಳ ಕೆಳಗೆ. ಇದನ್ನು ನೀವು ಸದಾ ನೆನಪಿಡಬೇಕು. ಎಂಜಿನ್ನಿನ ಬಿಸಿ, ಪೆಟ್ರೋಲಿನ ವಾಸನೆ, ಹೊಗೆ ಇವೆಲ್ಲಕ್ಕೂ ನಿಮಗೂ ನಡುವೆ ಇರುವುದು ಒಂದು ತಗಡಿನ ಮುಚ್ಚಳ, ಅದರ ಅಂಚಿನ ರಬ್ಬರು, ಅಷ್ಟೇ. ಈ ರಬ್ಬರು ಒಣಗಿ ಸೀಳಿದ್ದರೆ ಮೊದಲು ಅದನ್ನು ಬದಲಾಯಿಸಿ. ಖರ್ಚು ಕಡಿಮೆ, ಪ್ರಯೋಜನ ದೊಡ್ಡದು.

ಮೂರು ಪಟ್ಟಿಗಳು

ಒಂದು ನೋಟ್ ಪುಸ್ತಕ ಇಟ್ಟುಕೊಂಡು ಅದರಲ್ಲಿ ಮೂರು ಪಟ್ಟಿ ಮಾಡಿಕೊಳ್ಳಿ. ಮೊದಲನೆಯದು, ಕೆಟ್ಟರೆ ಗಾಡಿ ದಾರಿಯಲ್ಲಿ ನಿಲ್ಲುವಂಥವು: ಬ್ಯಾಟರಿ, ಫ್ಯೂಸು, ಪ್ಲಗ್ಗು, ಫ್ಯಾನ್ ಬೆಲ್ಟು, ನೀರಿನ ಹೋಸ್ ಪೈಪು. ಇವನ್ನು ನೀವೇ ನೋಡಿಕೊಳ್ಳಬಹುದು; ಕಲಿಯುವುದೂ ಸುಲಭ. ಎರಡನೆಯದು, ಕೆಟ್ಟರೆ ಗಾಡಿ ನಿಲ್ಲದೇ ಹೋಗುವಂಥವು ಮತ್ತು ಜೀವಕ್ಕೆ ಕುತ್ತಾಗುವಂಥವು: ಬ್ರೇಕು, ಸ್ಟಿಯರಿಂಗ್, ಗ್ಯಾಸು, ಪೆಟ್ರೋಲ್ ಪೈಪು. ಇವನ್ನು ಪರೀಕ್ಷಿಸುವುದು ನಿಮ್ಮ ಕೆಲಸ, ರಿಪೇರಿ ಮಾಡುವುದು ಪಳಗಿದವರ ಕೆಲಸ. ಮೂರನೆಯದು, ನಿಧಾನವಾಗಿ ಗಾಡಿಯನ್ನು ತಿನ್ನುವಂಥವು: ತುಕ್ಕು, ಸೋರಿಕೆ, ಸವೆತ. ಇವಕ್ಕೆ ಬೇಕಾದದ್ದು ಕೌಶಲಕ್ಕಿಂತ ಹೆಚ್ಚಾಗಿ ತಾಳ್ಮೆ.

ಇನ್ನೊಂದು ಮಾತು. ಕಾರಣ ತಿಳಿಯದೆ ಭಾಗ ಬದಲಾಯಿಸಬೇಡಿ. ಸೆಲ್ಫ್ ಹೊಡೆಯದಿದ್ದರೆ ಹೊಸ ಬ್ಯಾಟರಿ, ಮತ್ತೆ ಹೊಡೆಯದಿದ್ದರೆ ಹೊಸ ಸೆಲ್ಫ್ ಮೋಟಾರು ಎಂದು ಸಾವಿರಾರು ರೂಪಾಯಿ ಕಳೆದುಕೊಂಡು, ಕೊನೆಗೆ ಸಡಿಲವಾದ ಒಂದು ತಂತಿಯೇ ಕಾರಣವೆಂದು ಕಂಡುಕೊಂಡವರು ಎಷ್ಟೋ ಮಂದಿ.

ಬೆಂಗಳೂರಿನ ನೀರು ಬೇಗ ಕುದಿಯುತ್ತದೆ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾದರೆ ರೇಡಿಯೇಟರಿನ ನೀರು ಏಕೆ ಕುದಿಯುವುದಿಲ್ಲ? ಅದರ ಮುಚ್ಚಳದಲ್ಲಿರುವ ಸ್ಪ್ರಿಂಗು ಒಳಗೆ ಒತ್ತಡವನ್ನು ಕಟ್ಟಿಡುತ್ತದೆ, ನಿಮ್ಮ ಅಡಿಗೆಮನೆಯ ಕುಕ್ಕರಿನ ಹಾಗೆ. ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ, ಅದು ಚೆನ್ನಾಗಿರುವ ತನಕ ನೀರು ಸುಮಾರು 115 ಡಿಗ್ರಿಯವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಸತ್ತಿದ್ದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಆ ನೀರೇ ಕುದಿದು ಹೊರಚೆಲ್ಲುತ್ತದೆ. ಇಂಥ ಗಾಡಿಗೆ ಎಂಜಿನ್ ಬಿಚ್ಚುವ ಮಾತಾಡುವ ಮೊದಲು ಮುಚ್ಚಳ ಬದಲಾಯಿಸಿ ನೋಡಿ. ಬಿಸಿಯಾಗಿರುವಾಗ ಮಾತ್ರ ಅದನ್ನು ತೆರೆಯಬೇಡಿ. ಕುಕ್ಕರಿನ ಮುಚ್ಚಳವನ್ನು ಒತ್ತಡದಲ್ಲೇ ತೆರೆದರೆ ಆಗುವ ಅನಾಹುತವೇ ಇಲ್ಲೂ ಆಗುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕುಬಿಡಬಹುದು.

ಇನ್ನು ನೀರಿನ ವಿಷಯ. ನಗರದ ಹೊರವಲಯದಲ್ಲಿ ನಮಗೆ ಕೈಗೆ ಸಿಗುವುದು ಬೋರ್‌ವೆಲ್ ನೀರು. ಈ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರು ಕಟ್ಟುವುದನ್ನು ನೀವು ಕಂಡಿದ್ದೀರಿ. ಅದೇ ಪದರು ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟಿಕೊಂಡು ಅವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆಗೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಬೋರ್ ನೀರು ಹಾಕಿದರೆ, ಮನೆಗೆ ಬಂದ ಮೇಲೆ ಅದನ್ನು ಬಸಿದು ಮತ್ತೆ ತುಂಬಿಸಿ.

ಎಂಜಿನ್ ಕಾಯುತ್ತದೆ ಎಂದು ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವ ಪದ್ಧತಿಯೂ ಉಂಟು. ಇದು ತಪ್ಪು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಪೆಟ್ರೋಲು ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚುತ್ತದೆ.

ಪೆಟ್ರೋಲು ಬದಲಾಗಿದೆ

ಹಳೆಯ ಗಾಡಿಯ ಪೆಟ್ರೋಲ್ ಪೈಪುಗಳು ತಯಾರಾದಾಗ ಇದ್ದ ಪೆಟ್ರೋಲು ಈಗಿಲ್ಲ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ ಅಥವಾ ಒಣಗಿಸಿ ಸೀಳಿಸುತ್ತದೆ. ಎಂಜಿನ್ ಸೀಟಿನ ಕೆಳಗೇ ಇರುವ ಗಾಡಿಯಲ್ಲಿ ಪೆಟ್ರೋಲು ತೊಟ್ಟಿಕ್ಕಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ತಿಂಗಳಿಗೊಮ್ಮೆ, ಎಂಜಿನ್ ತಣ್ಣಗಿರುವಾಗ, ಟ್ಯಾಂಕಿನಿಂದ ಎಂಜಿನ್ನಿನವರೆಗೆ ಕಾಣುವಷ್ಟು ಪೈಪನ್ನು ಕೈಯಿಂದ ಸವರಿ ನೋಡಿ. ಬಗ್ಗಿಸಿದಾಗ ಬಿರುಕು ಕಂಡರೆ, ಕೈಗೆ ಜಿಗುಟು ಹತ್ತಿದರೆ, ವಾಸನೆ ಬಂದರೆ ಆ ಪೈಪಿನ ಕಾಲ ಮುಗಿಯಿತು. ಎಥನಾಲ್ ತಡೆಯುವ ಹೊಸ ಪೈಪನ್ನು, ಹೊಸ ಕ್ಲಿಪ್ಪುಗಳನ್ನು ಮೆಕ್ಯಾನಿಕ್ಕಿನಿಂದ ಹಾಕಿಸಿ. ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರುವ ಓಮ್ನಿಗಳಲ್ಲಿ ಎಂಜಿನ್ ಆರಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ನೀವಾಗಿ ಬಿಚ್ಚಿದರೆ ಪೆಟ್ರೋಲು ಮುಖಕ್ಕೆ ಚಿಮ್ಮಬಹುದು.

ಇದೇ ಸಂದರ್ಭದಲ್ಲಿ ಟೈಮಿಂಗ್ ಬೆಲ್ಟಿನ ಮಾತು. ಈ ಎಂಜಿನ್ನಿನಲ್ಲಿ ಇದು ರಬ್ಬರಿನದು, ಮುಚ್ಚಳದೊಳಗೆ ಇರುತ್ತದೆ. ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮರೆತುಹೋಗುತ್ತದೆ. ಹರಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿಯಲ್ಲಿ ಅದನ್ನು ಬದಲಾಯಿಸಿದ್ದು ಯಾವಾಗ ಎಂದು ತಿಳಿಯದಿದ್ದರೆ, ಹೊಸದು ಹಾಕಿಸಿ ನೋಟ್ ಪುಸ್ತಕದಲ್ಲಿ ತಾರೀಖು ಬರೆದುಬಿಡಿ.

ಬ್ಯಾಟರಿಯ ಮಾತನ್ನು ಕೇಳಿ

ಮನೆಯಲ್ಲಿ ಒಂದು ಮಲ್ಟಿಮೀಟರ್ ಇರಲಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. ಸುಮಾರು 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಈಗ ಎಂಜಿನ್ ಚಾಲೂ ಮಾಡಿ ಅಳೆಯಿರಿ. 13.8ರಿಂದ 14.4ರೊಳಗೆ ಇದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜು ಮಾಡುತ್ತಿದೆ. ಎಂಜಿನ್ ಓಡುತ್ತಿದ್ದರೂ ಅಂಕಿ ಮೇಲೇರದಿದ್ದರೆ ದೋಷ ಬ್ಯಾಟರಿಯದಲ್ಲ. ಬೆಲ್ಟು ಸಡಿಲವಾಗಿರಬಹುದು, ಆಲ್ಟರ್ನೇಟರ್ ಕೆಟ್ಟಿರಬಹುದು. ಇಷ್ಟು ತಿಳಿಯಲು ಐದು ನಿಮಿಷ ಸಾಕು.

ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ಹಸಿರು ಪುಡಿ ಕಂಡರೆ, ಮೊದಲು ನೆಗೆಟಿವ್ ತಂತಿಯನ್ನು ಬಿಚ್ಚಿ, ಬಿಸಿನೀರು ಮತ್ತು ಅಡಿಗೆ ಸೋಡದಿಂದ ತೊಳೆದು, ಒರೆಸಿ, ಬಿಗಿಮಾಡಿ ವ್ಯಾಸಲೀನ್ ಸವರಿ. ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಅರ್ತ್ ತಂತಿಯ ಬೋಲ್ಟನ್ನೂ ಹೀಗೆಯೇ ಉಜ್ಜಿ. ಹಳೆಯ ಗಾಡಿಗಳಲ್ಲಿ ದೀಪ ಮಂಕಾಗಲು ಈ ಬೋಲ್ಟಿನ ತುಕ್ಕು ಒಂದು ಸಾಮಾನ್ಯ ಕಾರಣ.

ಪ್ರವಾಸಕ್ಕೆಂದು ಒಳಗೆ ಒಂದು ದೀಪ, ಒಂದು ಫ್ಯಾನು, ಮೊಬೈಲ್ ಚಾರ್ಜರ್ ಹಾಕಿಕೊಳ್ಳುವವರು ಇದನ್ನು ಮರೆಯಬಾರದು: ಹೊಸದಾಗಿ ಎಳೆದ ಪ್ರತಿ ತಂತಿಗೂ ಬ್ಯಾಟರಿಯ ಹತ್ತಿರವೇ ಫ್ಯೂಸು ಇರಬೇಕು. ಫ್ಯೂಸು ಇರುವುದು ತಂತಿಯನ್ನು ಕಾಪಾಡಲು. ಅದು ಪದೇಪದೇ ಹಾರುತ್ತದೆಂದು ಬೆಳ್ಳಿ ಕಾಗದ ಸುತ್ತಿದರೆ, ಹಾರುವ ಬದಲು ತಂತಿಯೇ ಕಾದು ಹೊತ್ತಿಕೊಳ್ಳುತ್ತದೆ. ಶೆಡ್ಡಿನ ಮುಂದೆ ನಿಲ್ಲುವ ಗಾಡಿಯ ತಂತಿಗಳನ್ನು ಇಲಿಗಳು ಕಡಿಯುವುದೂ ಉಂಟು. ದೂರ ಹೊರಡುವ ಮುನ್ನ ಸೀಟು ಎತ್ತಿ ಒಮ್ಮೆ ಟಾರ್ಚು ಬಿಡಿ.

ಘಟ್ಟ ಇಳಿಯುವ ಮುನ್ನ

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋಗುವವರು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯಲೇಬೇಕು. ಹಳೆಯ ಗಾಡಿಯ ನಿಜವಾದ ಪರೀಕ್ಷೆ ಏರಿನಲ್ಲಲ್ಲ, ಇಳಿಜಾರಿನಲ್ಲಿ. ಬ್ರೇಕ್ ಆಯಿಲ್ ಕೂಡ ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಆಯಿಲಿಗೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಘಟ್ಟದಲ್ಲಿ ಬ್ರೇಕು ತುಳಿಯುತ್ತಲೇ ಇಳಿದರೆ ಚಕ್ರದ ಬಳಿ ಬಿಸಿ ಏರುತ್ತದೆ, ಹಳೆಯ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಅದುಮಿದರೆ ಬಲ ಚಕ್ರಕ್ಕೆ ತಲುಪುತ್ತದೆ. ಗುಳ್ಳೆಯನ್ನು ಅದುಮಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಪೂರ್ತಿ ಬದಲಾಯಿಸಿ, ಗಾಳಿ ತೆಗೆಸಿ. ಇದು ಎರಡನೇ ಪಟ್ಟಿಯ ಕೆಲಸ; ಮೆಕ್ಯಾನಿಕ್ಕಿಗೇ ಬಿಡಿ. ನೀವು ನೋಡಬೇಕಾದದ್ದು ಇಷ್ಟು: ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿದಿದೆಯೇ? ಚಕ್ರದ ಒಳಬದಿಯಲ್ಲಿ ಒದ್ದೆ ಇದೆಯೇ? ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತದೆಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಪ್ರವಾಸ ಮುಂದೂಡಿ. ಇಳಿಯುವಾಗ ಎರಡನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ. ನ್ಯೂಟ್ರಲ್ ಮಾಡಿ ಪೆಟ್ರೋಲು ಉಳಿಸುವ ಆಸೆ ಬೇಡ.

ಟೈರಿನ ವಯಸ್ಸನ್ನೂ ಓದಿಕೊಳ್ಳಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 3218 ಎಂದಿದ್ದರೆ ಆ ಟೈರು 2018ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಗಾಡಿಯಲ್ಲಿ ಟೈರಿನ ಮೇಲ್ಮೈ ಸವೆಯುವ ಮೊದಲೇ ರಬ್ಬರು ಮುದಿಯಾಗಿರುತ್ತದೆ. ಸ್ಟೆಪ್ನಿಯನ್ನೂ ಮರೆಯದೆ ನೋಡಿ. ಜ್ಯಾಕ್ ಕೊಟ್ಟ ಗಾಡಿಯ ಕೆಳಗೆ, ಬೇರೆ ಭದ್ರವಾದ ಆಧಾರವಿಲ್ಲದೆ, ಎಂದೂ ತಲೆ ಹಾಕಬೇಡಿ.

ತುಕ್ಕು ಎಂಬ ಗೆದ್ದಲು

ಎಂಜಿನ್ನಿಗೆ ಹೊಸ ಭಾಗ ಸಿಗುತ್ತದೆ. ಗಾಡಿಯ ಮೈಗೆ ಸಿಗುವುದಿಲ್ಲ. ಬಾಗಿಲುಗಳ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿವೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಹೋಗುವುದು ಇವುಗಳಿಂದಲೇ. ಮಣ್ಣು ಕಟ್ಟಿಕೊಂಡು ಇವು ಮುಚ್ಚಿಹೋದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಮುಂಗಾರಿಗೆ ಮೊದಲು ತೆಳುವಾದ ತಂತಿಯಿಂದ ಅವನ್ನು ಬಿಡಿಸಿ. ನೆಲದ ರಬ್ಬರ್ ಮ್ಯಾಟನ್ನು ಎತ್ತಿ, ಕೆಳಗೆ ಒದ್ದೆಯಿದ್ದರೆ ಬಿಸಿಲಿಗೆ ಒಣಗಿಸಿ. ಜಾರುಬಾಗಿಲಿನ ಹಳಿಯನ್ನು ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ.

ಚುಕ್ಕೆಯಂಥ ತುಕ್ಕು ಕಂಡರೆ ತಂತಿಯ ಬ್ರಷ್ಷಿನಿಂದ, ಮರಳು ಕಾಗದದಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಅದೇ ದಿನ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡಿ. ತುಕ್ಕಿನ ಮೇಲೆಯೇ ಪೇಸ್ಟ್ ಮೆತ್ತಿ ಬಣ್ಣ ಹೊಡೆಸಿದರೆ ನೋಡಲು ಅಂದ, ಅಷ್ಟೆ. ಒಳಗಿನ ತೇವ ತನ್ನ ಕೆಲಸ ಮುಂದುವರಿಸುತ್ತದೆ. ನೆಲದ ತಗಡಿನಲ್ಲಿ, ಸೀಟ್ ಬೆಲ್ಟು ಕಟ್ಟಿದ ಜಾಗದಲ್ಲಿ, ಹಿಂದಿನ ಲೀಫ್ ಸ್ಪ್ರಿಂಗಿನ ಬಳಿ ತೂತು ಬಿದ್ದಿದ್ದರೆ ಅದು ಟಿಂಕರಿಂಗ್ ಮತ್ತು ವೆಲ್ಡಿಂಗ್ ಬಲ್ಲವರ ಕೆಲಸ.

ಒಳಗೆ ಮಲಗುವವರಿಗೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಎ.ಸಿ.ಗಾಗಿ ಚಾಲೂ ಮಾಡಿದ್ದ ಜನರೇಟರಿನ ಹೊಗೆಯಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡದ್ದೇ ಕಾರಣವೆಂದು ತನಿಖೆಯಿಂದ ತಿಳಿದುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದಕ್ಕಿಂತ ಸುಮಾರು 200 ಪಟ್ಟು ಗಟ್ಟಿಯಾಗಿ ಇದು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಓಮ್ನಿಯಲ್ಲಿ ಜನರೇಟರ್ ಇರಲಾರದು. ಆದರೆ ಸೀಟಿನ ಕೆಳಗೆ ಎಂಜಿನ್ ಇದೆ, ತುಕ್ಕು ಹಿಡಿದ ಸೈಲೆನ್ಸರ್ ಇದೆ. ಆದ್ದರಿಂದ ಒಳಗೆ ಯಾರಾದರೂ ಮಲಗಿರುವಾಗ ನಿಂತ ಗಾಡಿಯ ಎಂಜಿನ್ ಓಡಬಾರದು. ಸೈಲೆನ್ಸರಿನ ಸದ್ದು ಬದಲಾದರೆ ಕೂಡಲೇ ತೋರಿಸಿ. ಸ್ಟವ್ವನ್ನು ಗಾಡಿಯ ಹೊರಗೆ, ಗಾಳಿಗೆ ಮರೆ ಮಾಡಿ ಹಚ್ಚಿ. ಮಳೆಯಾದರೆ ಆ ಹೊತ್ತಿಗೆ ಅವಲಕ್ಕಿ ಸಾಕು. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ನೆಲದಲ್ಲಿ, ಮಕ್ಕಳು ಮಲಗುವ ಜಾಗದಲ್ಲೇ, ನಿಲ್ಲುತ್ತದೆ. ಚಳಿಗೆಂದು ಇದ್ದಿಲ ಒಲೆಯನ್ನು ಒಳಗೆ ಇಟ್ಟುಕೊಳ್ಳಬೇಡಿ. ಮಲಗುವಾಗ ಎದುರುಬದುರಿನ ಎರಡು ಕಿಟಕಿ ಎರಡೆರಡು ಬೆರಳು ತೆರೆದಿರಲಿ. ಕಾರ್ಬನ್ ಮೊನಾಕ್ಸೈಡ್ ಪತ್ತೆಮಾಡುವ ಸಣ್ಣ ಅಲಾರಮ್ಮುಗಳು ಈಗ ಕೊಳ್ಳಲು ಸಿಗುತ್ತವೆ. ಹೊಸ ಮ್ಯೂಸಿಕ್ ಸಿಸ್ಟಮ್‌ಗೆ ಮೊದಲು ಅದನ್ನು ಕೊಳ್ಳಿ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಗಾಡಿಯ ನೋಂದಣಿ 15 ವರ್ಷ ನಡೆಯುತ್ತದೆ. ಅನಂತರ ಆರ್.ಟಿ.ಒ. ಕಚೇರಿಯ ಮೂಲಕ ಗಾಡಿಯ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಈ ಶುಲ್ಕ ಬಹಳ ಏರಿದೆ. ಆದ್ದರಿಂದ ಅವಧಿ ಮುಗಿಯುವ ತಿಂಗಳನ್ನು ನೋಟ್ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟು ಹಣ ಹೊಂದಿಸಿಕೊಳ್ಳಿ. ಮಲಗಲು ಮಡಚುವ ಹಲಗೆಯೊಂದನ್ನು ಇಟ್ಟುಕೊಂಡು ತೆಗೆಯುವುದು ಬೇರೆ. ಚಾವಣಿ ಕೊಯ್ದು ಎತ್ತರಿಸುವುದು, ಮೈಯ ರಚನೆ ಬದಲಿಸುವುದು ಬೇರೆ. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ.

ಕೊನೆಯದಾಗಿ, ಆ ಟಾರ್ಚು ಹಿಡಿದ ಹುಡುಗನ ವಿಷಯ. ಅವನ ಕೈಗೆ ಟಾರ್ಚಿನ ಜೊತೆಗೆ ನೋಟ್ ಪುಸ್ತಕವನ್ನೂ ಕೊಡಿ. ಯಾವ ದಿನ ಏನು ನೋಡಿದಿರಿ, ಏನು ಬದಲಾಯಿಸಿದಿರಿ, ಯಾವುದನ್ನು ಮೆಕ್ಯಾನಿಕ್ಕಿಗೆ ಬಿಟ್ಟಿರಿ ಎಂದು ಅವನೇ ಬರೆಯಲಿ. ಸ್ಪ್ಯಾನರ್ ತಿರುಗಿಸಲು ಅವನು ಒಂದೇ ಭಾನುವಾರದಲ್ಲಿ ಕಲಿತಾನು. ಎಲ್ಲಿ ಕೈ ಹಾಕಬಾರದು ಎಂಬುದನ್ನು ಕಲಿಯಲು ನಿಮ್ಮನ್ನು ನೋಡುತ್ತ ಹಲವು ಭಾನುವಾರ ಪಕ್ಕದಲ್ಲಿ ನಿಲ್ಲಬೇಕು.